ಇಪ್ಪತ್ತೇಳನೆಯ ಚುಕ್ಕಿ

ಪ್ರಶ್ನಾವಳಿಯ ತಲೆಯಲ್ಲೇ ಅಚ್ಚಾಗಿತ್ತು:
ಹೆಸರು ಬರೆಯಬೇಡಿ.
ಹಾಗಾಗಿ ಅವಳು ಇಪ್ಪತ್ತೇಳು.

ಹಾಸನದ ಕೈಗಾರಿಕಾ ಪ್ರದೇಶ, ಅಂಗಿ ಹೊಲಿಯುವ ಫ್ಯಾಕ್ಟರಿ,
ಎರಡನೇ ಪಾಳಿ ಬಿಡುವ ಹೊತ್ತು.
ಗೇಟಿನ ಟ್ಯೂಬ್‌ಲೈಟಿನ ಕೆಳಗೆ ನಾನು,
ಎಂ.ಎ. ಎರಡನೇ ವರ್ಷ, ಮನಶ್ಶಾಸ್ತ್ರ,
ಕೈಯಲ್ಲಿ ಅರವತ್ತು ಜೆರಾಕ್ಸ್ ಪ್ರತಿ,
ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೂ ಐದು ಉತ್ತರ:
ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಯಾವಾಗಲೂ.

‘ಕೆಲವೊಮ್ಮೆಗೂ ಆಗಾಗಕ್ಕೂ ಎಷ್ಟು ದೂರ ಮೇಡಂ?’
ಆಲೂರಿನವಳೊಬ್ಬಳು ಕೇಳಿದಳು.
ನಾನು ಮೇಡಂ ಅಲ್ಲ. ದೂರವೂ ನನಗೆ ಗೊತ್ತಿಲ್ಲ.
ಪುಸ್ತಕದ ಪ್ರಕಾರ ಒಂದು.
ಎಲ್ಲ ಮೆಟ್ಟಿಲಿಗೂ ಒಂದೇ ಎತ್ತರ.

ಅಳೆಯಲು ಹೊರಟದ್ದು ಎರಡೇ:
ನಿದ್ದೆಯ ಗಂಟೆ, ಆತಂಕದ ಅಂಕ.
ಒಬ್ಬರಿಂದ ಒಬ್ಬರಿಗೆ ಬದಲಾಗುವುದರಿಂದ ಇವು ಚರ.
ಎಲ್ಲರಿಗೂ ಒಂದೇ ಆಗಿದ್ದದ್ದು
ಸಂಬಳ, ನೀಲಿ ಏಪ್ರನ್, ಗಂಟೆಗೆ ಎಂಬತ್ತು ಕಾಲರ್.
ಅವು ಸ್ಥಿರ. ಅಳೆದರೂ ಗ್ರಾಫಿನಲ್ಲಿ
ಗೋಡೆಯ ಹಾಗೆ ನಿಂತಿರುತ್ತವೆ,
ಏನನ್ನೂ ಹೇಳುವುದಿಲ್ಲ.

ರಾತ್ರಿ ಹಾಸ್ಟೆಲಿನಲ್ಲಿ ಕೂತು ಚುಕ್ಕಿ ಇಟ್ಟೆ.
ಅಡ್ಡಕ್ಕೆ ನಿದ್ದೆ, ಉದ್ದಕ್ಕೆ ಆತಂಕ.
ರಂಗೋಲಿಯ ಚುಕ್ಕಿಯಲ್ಲ,
ಮೊರದಿಂದ ಜಾರಿದ ಸಾಸಿವೆ.
ಆದರೂ ಕಣ್ಣು ಕಿರಿದು ಮಾಡಿ ನೋಡಿದರೆ
ಎಡದ ಮೇಲಿಂದ ಬಲದ ಕೆಳಕ್ಕೆ ಒಂದು ಇಳಿಜಾರು:
ನಿದ್ದೆ ಹೆಚ್ಚಿದಷ್ಟೂ ಆತಂಕ ಇಳಿಯುತ್ತಿದೆ.
ಮೈನಸ್ ಸೊನ್ನೆ ದಶಾಂಶ ಆರು ಎರಡು!
ರೂಮಿನ ತಸ್ಮಿಯಾಳನ್ನು ಎಬ್ಬಿಸಿ ತೋರಿಸಿದೆ.
ಅವಳ ನಿದ್ದೆ ಕಡಿಮೆಯಾಯಿತು, ಕೋಪ ಹೆಚ್ಚಾಯಿತು.

ಸಿದ್ದಲಿಂಗಮ್ಮ ಮೇಡಂ ಕನ್ನಡಕ ಒರೆಸಿಕೊಂಡು ಕೇಳಿದರು:
‘ನಿದ್ದೆಗೆಟ್ಟು ಆತಂಕವೋ, ಆತಂಕಕ್ಕೆ ನಿದ್ದೆಗೇಡೋ?
ಕಾಗೆ ಕೂತಿತು, ಕೊಂಬೆ ಮುರಿಯಿತು.
ಕೊಂಬೆಯೊಳಗೆ ಹುಳ ಇತ್ತೇನೋ, ನೋಡಿದೆಯಾ?’
ನಾನು ಗೆರೆ ನೋಡಿದ್ದೆ, ಹುಳ ನೋಡಿರಲಿಲ್ಲ.
‘ಸಹಸಂಬಂಧ ಅಂದರೆ
ಇಬ್ಬರೂ ಒಂದೇ ಬಸ್ಸಿನಲ್ಲಿ ಕಂಡರು ಅಂತ, ಅಷ್ಟೇ.
ನೀನು ಆಗಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದೀಯ.’

ಆಮೇಲೆ ಅವರ ಪೆನ್ಸಿಲು ಮೂಲೆಯಲ್ಲಿ ನಿಂತಿತು:
‘ಇದ್ಯಾರು?’
ಇಪ್ಪತ್ತೇಳು. ನಿದ್ದೆ ನಾಲ್ಕೇ ಗಂಟೆ,
ಆತಂಕ ನೆಲಕ್ಕೆ ತಾಗಿದೆ.
ಎಲ್ಲರನ್ನೂ ಬಿಟ್ಟು ಎಡಗಡೆ ಕೆಳಗೆ, ಒಬ್ಬಳೇ.
‘ತೆಗೆದರೆ ಗೆರೆ ಇನ್ನೂ ಚೆಂದ ಕೂರುತ್ತೆ’ ಎಂದೆ.
‘ಕೂರುತ್ತೆ’ ಎಂದರು. ಮುಂದೆ ಏನೂ ಹೇಳಲಿಲ್ಲ.

ಮತ್ತೆ ಗೇಟಿಗೆ ಹೋದೆ.
‘ನಾಲ್ಕು ಗಂಟೆ ಅಂತ ಬರೆದಿದ್ದೀರ, ತಪ್ಪಾಯಿತಾ?’
ನಕ್ಕಳು. ಡಬ್ಬಿ ಆ ಕೈಯಿಂದ ಈ ಕೈಗೆ.
‘ತಪ್ಪೇನಿಲ್ಲ ಕಣವ್ವ.
ದುದ್ದದ ಹತ್ರ ಕೈಮರದಲ್ಲಿ ಇಳಿಸ್ತಾರೆ,
ಅಲ್ಲಿಂದ ನಮ್ಮೂರಿಗೆ ಎರಡು ಮೈಲಿ, ಒಂದು ಲೈಟಿಲ್ಲ.
ಮೂರು ವರ್ಷ ನಡೆದೆ. ಕಾಲಿಗಿಂತ ಕಿವಿ ನೋಯ್ತಿತ್ತು,
ಹಿಂದೆ ಏನಾರ ಸದ್ದಾಯ್ತದಾ ಅಂತ ಕೇಳೀ ಕೇಳೀ.
ಮಲಗಿದ್ರೂ ಅದೇ ಸದ್ದು.
ಈಗ ತಂಗಿ ಸ್ಕೂಟಿ ತಗೊಂಡವ್ಳೆ,
ಕೈಮರಕ್ಕೆ ಬಂದು ನನ್ನ ಕೈಗೇ ಕೊಡ್ತಾಳೆ.
ಅದೇ ದಾರೀಲಿ ಹೋಯ್ತೀವಿ, ಬತ್ತೀವಿ, ತಿರುಗಿ ಹೋಯ್ತೀವಿ.
ಮಲಗೋದು ಎರಡಾಯ್ತದೆ.’
ತೋಳು ಮಡಚಿ ಮೊಣಕೈಯ ತರಚು ತೋರಿಸಿದಳು,
ಬಳೆ ತೋರಿಸುವ ಹಾಗೆ.

ಉಳಿದವರನ್ನೂ ಹುಡುಕಿ ಕೇಳಿದೆ,
ಹಾಳೆಯಲ್ಲಿಲ್ಲದ ಇಪ್ಪತ್ತೊಂದನೆಯ ಪ್ರಶ್ನೆ:
ಬಸ್ಸು ಇಳಿದ ಮೇಲೆ ಮನೆ ಎಷ್ಟು ದೂರ?
ಬಾಗಿಲಿಗೇ ಬಸ್ಸು ಬರುವವರೆಲ್ಲ ಗೆರೆಯ ಕೆಳಗಿನ ತುದಿಯಲ್ಲಿ,
ಕತ್ತಲಲ್ಲಿ ನಡೆಯುವವರೆಲ್ಲ ಮೇಲೆ.
ನನ್ನ ಅಡ್ಡಕ್ಕೂ ಉದ್ದಕ್ಕೂ ಸಿಗದೆ
ಒಂದು ರಸ್ತೆ ಕಾಗದದ ಹಿಂದೆ ಮಲಗಿತ್ತು.

ಪ್ರಬಂಧ ಬೈಂಡಿಂಗಿಗೆ ಹೋಯಿತು.
ನಲವತ್ತೆಂಟನೇ ಪುಟ ಬಿಡಿಸಿ ಅಂಗಡಿಯವನು ಕೇಳಿದ:
‘ಇಲ್ಲೊಂದು ಇಂಕು ಸಿಡಿದಿದೆ, ವೈಟ್ನರ್ ಹಾಕಲಾ?’
ಬೇಡ ಎಂದೆ.
ಯಾರು ಅಂತ ಹೇಳಲಿಲ್ಲ.